ಕೋಳೀಕೆ ರಂಗನ ಲಂಡನ್ ನಂಟು

‘ಕೋಳೀಕೆ ರಂಗ’ನ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹಾಡುವಾಗ ನಾಲಿಗೆ ತೊಡರುವುದೇ ಮಜಾ. ಶಾಲೆಯ ವಾರ್ಷಿಕೋತ್ಸವದಲ್ಲಿ ಕೇಳಿ ನಕ್ಕವರು ಅದನ್ನು ಅಪ್ಪಟ ಹಳ್ಳಿ ಹಾಡೆಂದೇ ನಂಬಿರುತ್ತಾರೆ. ಧಾಟಿ ಮಾತ್ರ ‘ಕಾನ್‌ಸ್ಟಾಂಟಿನೋಪಲ್’ ಎಂಬ ಇಂಗ್ಲಿಷ್ ಹಾಡಿನದು. ಅಲ್ಲಿ ಸ್ಪೆಲ್ಲಿಂಗ್ ಹೇಳುತ್ತ ಊರಿನ ಹೆಸರು ಹಾಡುತ್ತಾರೆ, ಇಲ್ಲಿ ನಮ್ಮ ರಂಗನ ಹೆಸರು.

ಕಟ್ಟಿದವರು ನಾಟಕಕಾರ ಟಿ.ಪಿ. ಕೈಲಾಸಂ (1884–1946). ನ್ಯಾಯಾಧೀಶ ಪರಮಶಿವ ಅಯ್ಯರ್ ಅವರ ಮಗ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಹೋದದ್ದು ಭೂವಿಜ್ಞಾನ ಓದಲು, ಅಂದರೆ ಕಲ್ಲುಗಳ ಕುಲಗೋತ್ರ ತಿಳಿಯಲು. ಹತ್ತಿದ್ದು ಅಲ್ಲಿನ ರಂಗಮಂದಿರಗಳ ಹುಚ್ಚು. ಊರಿಗೆ ಮರಳಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಕಾಲ ದುಡಿದರು. ನೌಕರಿ ಬಿಟ್ಟರು, ಧಾಟಿ ಬಿಡಲಿಲ್ಲ. ಮೊದಲ ಮಹಾಯುದ್ಧದ ಸೈನಿಕರು ಹಾಡುತ್ತ ನಡೆದ, 1912ರ ‘ಟಿಪ್ಪರರಿ’ ಅವರ ಬಾಯಲ್ಲಿ ‘ತಿಪ್ಪಾರಳ್ಳಿ’ ಆಯಿತು! ಐರ್ಲೆಂಡಿನ ಊರು ನಮ್ಮ ಯಾವುದೋ ಕೆರೆಯಂಚಿಗೆ ಬಂದು ಕೂತಿತು. ಆದರೂ ಅನುವಾದದ ವಾಸನೆಯೇ ಇಲ್ಲ. ಅರ್ಥದ ಜೊತೆ ಸದ್ದನ್ನೂ ಹೊತ್ತು ತಂದರು.

ಚಿಂತಾಮಣಿ, ಗೌರಿಬಿದನೂರು ಕಡೆಯ ನಮಗೆ ಇಂಥದ್ದು ಹೊಸದೇನಲ್ಲ. ತೆಲುಗಿನಲ್ಲಿ ಶುರುವಾದ ಚೌಕಾಸಿ ಕನ್ನಡದಲ್ಲಿ ಮುಗಿಯುವ ಸಂತೆಗಳಲ್ಲಿ ಬೆಳೆದವರು ನಾವು. ಕೈಲಾಸಂ ನಾಟಕದ ಪಾತ್ರ ಕನ್ನಡದಲ್ಲಿ ಬಾಯಿ ತೆರೆದು ಇಂಗ್ಲಿಷಿಗೆ ಜಾರಿದಾಗ ಶುದ್ಧ ಭಾಷೆಯವರು ಮುಖ ಸಿಂಡರಿಸಬಹುದು, ನಮಗೆ ಅದು ಮನೆಮಾತಿನ ಹಾಗೇ ಕೇಳುತ್ತದೆ.

ಲೇಖನಿ ಹಿಡಿಯುವುದೆಂದರೆ ಕೈಲಾಸಂಗೆ ಆಗುತ್ತಿರಲಿಲ್ಲ. ತಾವೇ ‘ನೂಕ್’ ಎಂದು ಹೆಸರಿಟ್ಟುಕೊಂಡ ಬಿಡಾರದಲ್ಲಿ, ಸಿಗರೇಟಿನ ಹೊಗೆಯ ನಡುವೆ, ಎಲ್ಲ ಪಾತ್ರಗಳ ದನಿಯನ್ನೂ ಒಬ್ಬರೇ ಆಡುತ್ತ ನಾಟಕ ಹೇಳುತ್ತಿದ್ದರು. ಬರೆದುಕೊಳ್ಳುವ ಪಾಡು ಸುತ್ತ ಕೂತ ಅಭಿಮಾನಿಗಳದು. ಹಾಗೆ ಬರೆದುಕೊಂಡವರು ಇಲ್ಲದಿದ್ದರೆ ಈಗ ನಮ್ಮ ಕೈಲಿರುವುದರಲ್ಲಿ ಎಷ್ಟು ಉಳಿಯುತ್ತಿತ್ತೋ. ಬಾಯಿಂದಲೇ ಸಾಹಿತಿಯಾದ ಈ ಮನುಷ್ಯ 1945ರಲ್ಲಿ ಮದ್ರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು.

ಅದಕ್ಕೂ ಮುಂಚೆ ಸಿನಿಮಾದವರ ಕಣ್ಣೂ ಅವರ ಮೇಲೆ ಬಿದ್ದಿತ್ತು. ಶೂದ್ರಕನ ‘ಮೃಚ್ಛಕಟಿಕ’ವನ್ನು ಮೋಹನ್ ಭವನಾನಿ ‘ವಸಂತಸೇನಾ’ ಎಂದು ತೆರೆಗೆ ತಂದಾಗ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯರ ಜೊತೆ ಕೈಲಾಸಂ ಕೂಡ ಬಣ್ಣ ಹಚ್ಚಿದರು. ಮಾತು, ಹಾಡು, ಅಣಕ, ಇಷ್ಟೇ ಬಂಡವಾಳವಾಗಿದ್ದ ಮನುಷ್ಯ ಕ್ಯಾಮೆರಾದ ಮುಂದೆ ನಿಂತರು.

ಚಿತ್ರ ಮೂಕಿ.