ಕಾವಲಿಗೆ ದೋಸೆ ಹಿಡಿದದ್ದು ಯಾರ ತಪ್ಪು?

ಸಂಕ್ರಾಂತಿಯ ಕೂಟಕ್ಕೆ ಡಲ್ಲಾಸಿನಲ್ಲಿ ಮೂರೂ ಊರಿನ ಸಂಸಾರಗಳು ಕಲೆತದ್ದು ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಚಟ್ನಿ ಡಲ್ಲಾಸಿನವರದು, ದೊಡ್ಡ ಕಾವಲಿ ಆಸ್ಟಿನ್ನಿನವರದು, ದೋಸೆ ಹಿಟ್ಟು ಮಾತ್ರ 240 ಮೈಲಿ ದೂರದ ಹ್ಯೂಸ್ಟನ್ನಿನಿಂದ ಬಂದದ್ದು. ಮೊದಲ ಹನ್ನೆರಡು ದೋಸೆಗಳ ಗತಿಯನ್ನು ವಿವರಿಸುವುದು ಬೇಡ. ಅಂಚು ಗರಿಗರಿಯಾಗಿ ಏಳುತ್ತಿತ್ತು. ನಡು ಕಾವಲಿಗೇ ಅಂಟಿ ಕೂತಿತ್ತು. ಹಿಟ್ಟು ಹುಳಿ ಬಂದಿಲ್ಲ ಎಂದರು ಒಬ್ಬರು, ಉದ್ದು ಹೆಚ್ಚಾಯಿತು ಎಂದರು ಇನ್ನೊಬ್ಬರು. ಹಿಂದಿನ ರಾತ್ರಿ ನಿದ್ದೆಗೆಟ್ಟು ರುಬ್ಬಿ ತಂದಾಕೆ ಒಂದು ಮಾತೂ ಆಡದೆ ಪಾತ್ರೆ ತೊಳೆದಿಟ್ಟು, ಊಟಕ್ಕೂ ಸರಿಯಾಗಿ ಕೂರದೆ ಹೊರಟುಹೋದರು. ಆ ದೂರಿನಲ್ಲಿ ನಾವೂ ದನಿಗೂಡಿಸಿದ್ದೆವು. ಅದಕ್ಕೇ ಈ ಬರಹ.

ಮನೆಗೆ ಬಂದ ಮೇಲೆ, ಹಿಟ್ಟಿನ ಗೊಡವೆಯೇ ಬೇಡವೆಂದು, ಬರಿಯ ಕಾವಲಿಯನ್ನು ಒಲೆಯ ಮೇಲಿಟ್ಟು ಒಂದು ಚಮಚ ಎಣ್ಣೆ ಹರಡಿ ನೋಡುತ್ತ ಕುಳಿತೆವು. ಒಲೆ ಜೋರಾಗುತ್ತಿದ್ದಂತೆ ಎಣ್ಣೆ ನಡುವಿನಿಂದ ಮೆಲ್ಲಗೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ನಡುವೆ ಅಂಗೈಯಗಲ ಒಣ ಜಾಗ, ಸುತ್ತ ಎಣ್ಣೆಯ ಬಳೆ. ಕಾವಲಿ ಓರೆಯಾಗಿರಲಿಲ್ಲ, ನೀರಿನ ಲೋಟ ಇಟ್ಟು ಪರೀಕ್ಷಿಸಿದೆವು.

ಇದನ್ನು ನೋಡಿದವರಲ್ಲಿ ನಾವೇ ಮೊದಲಿಗರಲ್ಲ. ಚೆಕ್ ದೇಶದ ವಿಜ್ಞಾನ ಅಕಾಡೆಮಿಯ ಫೆದೋರ್ಚೆಂಕೊ ಮತ್ತು ಹ್ರೂಬಿ ಎಂಬ ಇಬ್ಬರು ಬಾಣಲೆಯ ಮೇಲೆ ಸೂರ್ಯಕಾಂತಿ ಎಣ್ಣೆ ಹಾಕಿ, ಮೇಲಿನಿಂದ ಕ್ಯಾಮೆರಾ ಹಿಡಿದು, ಇದೇ ಒಣ ಜಾಗದ ಮೇಲೆ 2021ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದರು.

ಕಾರಣ ಇಷ್ಟು. ದ್ರವದ ಮೇಲ್ಮೈ ಬಿಗಿದ ಬಟ್ಟೆಯಂತೆ ಎಳೆದುಕೊಂಡಿರುತ್ತದೆ. ಇದೇ ಮೇಲ್ಮೈ ಎಳೆತ. ಬಿಸಿಯಾದಷ್ಟೂ ಈ ಎಳೆತ ಸಡಿಲ. ನಡುವೆ ಬಿಸಿ, ಅಂಚಿನಲ್ಲಿ ತಂಪು ಎಂದಾಗ ಹಗ್ಗ ಜಗ್ಗಾಟದಲ್ಲಿ ಅಂಚಿನವರೇ ಗೆಲ್ಲುತ್ತಾರೆ, ಎಣ್ಣೆ ಅತ್ತ ಸರಿಯುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಪೊರೆ ತೆಳುವಾದ ಕಡೆ ಅದರ ಮೇಲ್ಮೈ ಬಿಸಿ ಕಾವಲಿಗೆ ಇನ್ನೂ ಹತ್ತಿರ, ಆದ್ದರಿಂದ ಇನ್ನೂ ಬಿಸಿ, ಆದ್ದರಿಂದ ಎಳೆತ ಇನ್ನೂ ಸಡಿಲ. ತೆಳುವಾದದ್ದು ಮತ್ತಷ್ಟು ತೆಳುವಾಗಿ ಕೊನೆಗೆ ಹರಿದೇ ಹೋಗುತ್ತದೆ. ಸಾಲಗಾರನ ಸಂಸಾರದ ಹಾಗೆ.

ಇಟಲಿಯ ಮರಂಗೋನಿ 1865ರಲ್ಲೇ ಮೇಲ್ಮೈ ಎಳೆತದ ಈ ಬಗೆಯ ಹರಿವನ್ನು ಕುರಿತು ಬರೆದಿದ್ದ. ಹೆಸರು ಅವನದೇ ಉಳಿಯಿತು. ಆದರೆ ಇದರ ಕಥೆ ನಮ್ಮ ಟೆಕ್ಸಸ್ಸಿನಲ್ಲೂ ಬೇಕಾದಷ್ಟು ನಡೆದಿದೆ. ಹ್ಯೂಸ್ಟನ್ನಿನಿಂದ ನಿಯಂತ್ರಿಸಿದ ಅಪೊಲೊ 14 (1971) ಮತ್ತು ಅಪೊಲೊ 17 (1972) ಯಾತ್ರೆಗಳಲ್ಲಿ ಗಗನಯಾತ್ರಿಗಳು ತೆಳು ಎಣ್ಣೆಯನ್ನು ಅಡಿಯಿಂದ ಕಾಯಿಸಿ ನೋಡಿದರು. ಅಲ್ಲಿ ಬಿಸಿ ದ್ರವ ಹಗುರವಾಗಿ ಮೇಲೇಳುವ ಪ್ರಶ್ನೆಯೇ ಇಲ್ಲ, ತೂಕವೇ ಇಲ್ಲವಲ್ಲ! ಆದರೂ ಎಣ್ಣೆ ಸುಳಿದು ಸುಳಿದು ಜೇನುಗೂಡಿನಂಥ ಕೋಣೆಗಳನ್ನು ಕಟ್ಟಿತು. ಮೇಲ್ಮೈ ಎಳೆತವೊಂದೇ ಸಾಕು ಎಂಬುದು ಕಣ್ಣಿಗೆ ಕಂಡಿತು.

ಆಸ್ಟಿನ್ನಿನವರೂ ಹಿಂದೆ ಬಿದ್ದಿಲ್ಲ. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಸ್ವಿನ್ನಿ ಅವರ ಪ್ರಯೋಗಶಾಲೆಯಲ್ಲಿ ವ್ಯಾನ್‌ಹುಕ್, ಷಾಟ್ಜ್ ಮೊದಲಾದವರು ಸುಮಾರು 0.1 ಮಿಲಿಮೀಟರ್ ದಪ್ಪದ ಸಿಲಿಕೋನ್ ಎಣ್ಣೆಯ ಪೊರೆಯನ್ನು ಅಡಿಯಿಂದ ಕಾಯಿಸಿ, ಅದು ಹರಿದು ಒಣ ಮಚ್ಚೆಯಾಗುವುದನ್ನು ಅಳೆದು 1995ರಲ್ಲಿ ಪ್ರಕಟಿಸಿದರು. ಆ ಕಾವಲಿ ಬಂದದ್ದೂ ಆಸ್ಟಿನ್ನಿನಿಂದಲೇ ಎಂಬುದನ್ನು ಇಲ್ಲಿ ಜ್ಞಾಪಿಸುತ್ತೇವೆ, ತಮಾಷೆಗೆ.

ಇನ್ನು ಇಳಿಜಾರಿನಲ್ಲಿ ಹರಿಯುವ ಪೊರೆಯ ವಿಚಾರ. ಹ್ಯೂಸ್ಟನ್ನಿನ ಮಳೆಯಲ್ಲಿ ಕಾರು ನಿಲ್ಲಿಸುವ ಇಳಿಜಾರನ್ನು ನೋಡಿ: ನೀರು ನುಣ್ಣಗೆ ಇಳಿಯುವುದಿಲ್ಲ, ಸಾಲುಸಾಲು ಅಲೆಯಾಗಿ ಇಳಿಯುತ್ತದೆ. ರಷ್ಯದ ಕಪಿಟ್ಸ 1946ರಲ್ಲಿ ತನ್ನ ಸಂಸ್ಥೆಯಿಂದ ಹೊರಹಾಕಲ್ಪಟ್ಟು, ಹಳ್ಳಿಯ ಮನೆಯಲ್ಲಿ ಮಗನನ್ನು ಕಟ್ಟಿಕೊಂಡು ಈ ಅಲೆಗಳನ್ನು ಅಳೆದ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡಕ್ಲರ್ ಮತ್ತು ಶಿಷ್ಯರು 1970ರ ದಶಕದಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯ: ಗೋಡೆಗೆ ಹತ್ತಿದ ತೆಳು ಪೊರೆ ಬರಿಯ ನೆಲಹಾಸು, ದ್ರವದ ಬಹುಭಾಗವನ್ನು ಹೊತ್ತೊಯ್ಯುವುದು ಅದರ ಮೇಲೆ ಉರುಳುವ ದೊಡ್ಡ ಅಲೆಗಳು.

ಗೋಡೆಯೂ ಬಿಸಿಯಾಗಿದ್ದರೆ ಅಲೆಯ ಕಾಟದ ಜೊತೆಗೆ ಮರಂಗೋನಿಯ ಕಾಟವೂ ಸೇರಿತು. ಪೊರೆ ಎಳೆಎಳೆಯಾಗಿ ಸೀಳಿ, ಎಳೆಗಳ ನಡುವೆ ಗೋಡೆ ಒಣಗುತ್ತದೆ. ಕಾರ್ಖಾನೆಗಳಲ್ಲಿ ಹಾಲನ್ನು ಗಟ್ಟಿಗೊಳಿಸುವಾಗ ಉದ್ದನೆಯ ನಿಂತ ಕೊಳವೆಗಳ ಒಳಮೈಯಲ್ಲಿ ಹಾಲು ಪೊರೆಯಾಗಿ ಇಳಿಯುತ್ತದೆ, ಹೊರಗಿನಿಂದ ಹಬೆ ಕಾಯಿಸುತ್ತದೆ. ಪೊರೆ ಹರಿದ ಕಡೆ ಹಾಲು ಸೀದು ಅಂಟುತ್ತದೆ, ಅಂದರೆ ನಮ್ಮ ಅಜ್ಜಿಯರ ಮಾತಿನಲ್ಲಿ ತಳ ಹಿಡಿಯುತ್ತದೆ. ಬಿಸಿಯನ್ನು ಹೊತ್ತೊಯ್ಯಲೆಂದೇ ಪೊರೆ ಹರಿಸುವ ಯಂತ್ರಗಳಲ್ಲಿ ಒಣಗಿದ ಜಾಗ ವಿಪರೀತ ಕಾದು ಲೋಹವೇ ಕೆಡುವುದುಂಟು.

ಬೆಂಗಳೂರು ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಪ್ರೊ. ಎನ್. ರುದ್ರಯ್ಯನವರೂ ಮರಂಗೋನಿ ಹರಿವಿನ ಮೇಲೆ ಕೆಲಸ ಮಾಡಿದವರು. ಅವರ ಊರಿನ ದೋಸೆ ಹೋಟೆಲಿನ ಭಟ್ಟರು ಗಣಿತವಿಲ್ಲದೆಯೇ ಕಾವಲಿಯ ಮೇಲೆ ನೀರು ಚಿಮುಕಿಸಿ ಅದರ ಕಾವು ಇಳಿಸುತ್ತಾರೆ, ಅರ್ಧ ಈರುಳ್ಳಿಯಿಂದ ಎಣ್ಣೆಯನ್ನು ಎಲ್ಲೆಡೆ ಒರೆಸುತ್ತಾರೆ. ಚೆಕ್ ದೇಶದವರ ಸಲಹೆಯೂ ಬಹುಮಟ್ಟಿಗೆ ಇದೇ: ದಪ್ಪ ತಳದ ಬಾಣಲೆ, ಹದವಾದ ಉರಿ, ಮೈತುಂಬ ಎಣ್ಣೆ. ನಮ್ಮ ಕೂಟದಲ್ಲಿ ಕಾವಲಿ ತೆಳು, ಉರಿ ಪೂರ್ತಿ ಜೋರು, ಎಣ್ಣೆ ವೈದ್ಯರ ಭಯದಿಂದ ಕಡಿಮೆ, ಈರುಳ್ಳಿಯೆಲ್ಲ ಪಲ್ಯದ ಪಾಲು.

ಮರುವಾರ ಅದೇ ಹಿಟ್ಟಿನ ಉಳಿಕೆಯನ್ನು ದಪ್ಪ ಬೀಡಿನ ಕಾವಲಿಯ ಮೇಲೆ ಹುಯ್ದೆವು. ಒಂದೂ ಹಿಡಿಯಲಿಲ್ಲ. ಆ ಸಂಜೆಯೇ ಹ್ಯೂಸ್ಟನ್ನಿಗೆ ಫೋನ್ ಮಾಡಿ, ತಪ್ಪಾಯಿತೆಂದು ಹೇಳಿ, ಮುಂದಿನ ಕೂಟಕ್ಕೂ ಹಿಟ್ಟು ನಿಮ್ಮದೇ ಆಗಬೇಕೆಂದು ಕೇಳಿಕೊಂಡೆವು. ಆಕೆ ಇನ್ನೂ ಹೂಂ ಅಂದಿಲ್ಲ.