ಗೂಡುದೀಪವೂ ಹಬ್ಬದ ಓಲೆಯೂ

ಕಾಗದವೆಂದರೆ ಬರೆಯುವ ವಸ್ತು, ಪರೀಕ್ಷೆಯ ದಿನ ಹೇಗಾದರೂ ತುಂಬಿಸಿಕೊಡಬೇಕಾದ ವಸ್ತು ಎಂದೇ ನಮ್ಮಂಥ ಕಲಾ ಕಾಲೇಜಿನವರ ತಿಳಿವಳಿಕೆ. ಅದನ್ನು ಕತ್ತರಿಸಿ, ಮಡಚಿ, ಅಂಟಿಸಿ ಹಬ್ಬಕ್ಕೊಪ್ಪುವ ಒಂದು ರೂಪಕ್ಕೆ ತರಲು ಕುಳಿತಾಗಲೇ ಅದಕ್ಕೂ ಒಂದು ಸ್ವಭಾವವಿದೆ, ಹಟವಿದೆ ಎಂಬುದು ಗೊತ್ತಾಗುವುದು. ಕಳೆದ ದೀಪಾವಳಿಗೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ನಾವು ನಾಲ್ವರು ಸೇರಿ ಕಟ್ಟಿದ ನಕ್ಷತ್ರದ ಗೂಡುದೀಪವು ಸಂಜೆ ನೆಟ್ಟಗಿದ್ದುದು ಬೆಳಗಾಗುವಷ್ಟರಲ್ಲಿ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ತಪ್ಪು ಬಿದಿರಿನದಲ್ಲ, ಅಂಟಿನದೂ ಅಲ್ಲ. ಕಾಗದದ ಗುಣವರಿಯದ ನಮ್ಮದು.

ಯಂತ್ರದಲ್ಲಿ ತಯಾರಾದ ಕಾಗದಕ್ಕೆ ಮರಕ್ಕಿರುವಂತೆಯೇ ಒಂದು ಎಳೆಯುಂಟು. ನೀರಿನಲ್ಲಿ ಕದಡಿದ ನಾರು ಓಡುವ ಜಾಲರಿಯ ಮೇಲೆ ಹರಿಯುವಾಗ ಬಹುಪಾಲು ಎಳೆಗಳು ಯಂತ್ರ ಓಡುವ ದಿಕ್ಕಿಗೇ ತಿರುಗಿ ಮಲಗುತ್ತವೆ. ನಂಬಿಕೆ ಬಾರದಿದ್ದರೆ ವೃತ್ತಪತ್ರಿಕೆಯ ಒಂದು ಹಾಳೆಯನ್ನು ಎರಡು ದಿಕ್ಕಿನಲ್ಲಿಯೂ ಹರಿದು ನೋಡಿರಿ. ಒಂದು ಕಡೆಗೆ ಗೆರೆ ಎಳೆದಂತೆ ಹರಿಯುವುದು, ಇನ್ನೊಂದು ಕಡೆಗೆ ಎತ್ತೆತ್ತಲೋ ಹೋಗುವುದು. ತೇವ ತಗಲಿದಾಗ ನಾರು ಉದ್ದಕ್ಕೆ ಬೆಳೆಯುವುದಕ್ಕಿಂತ ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಆದ್ದರಿಂದ ಒದ್ದೆ ಕಾಗದವು ಎಳೆಗೆ ಅಡ್ಡವಾಗಿ ಹಿಗ್ಗಿ, ಒಣಗುವಾಗ ಹಾಗೆಯೇ ಕುಗ್ಗುತ್ತದೆ. ಕಾಗದದ ಕೈಗೆಲಸದ ಅರ್ಧ ಗುಟ್ಟು ಇಷ್ಟೇ.

ಈ ಕುಗ್ಗುವಿಕೆಯೇ ಗೂಡುದೀಪಕ್ಕೆ ವರವೂ ಹೌದು. ಅಂಟಿನ ತೇವಕ್ಕೆ ಸಡಿಲವಾಗಿದ್ದ ತೆಳು ಬಣ್ಣದ ಕಾಗದವು ಒಣಗಿದ ಮೇಲೆ ಮದ್ದಳೆಯ ಚರ್ಮದಂತೆ ಬಿಗಿದು ನಿಲ್ಲುತ್ತದೆ. ನಾವು ಮಾಡಿದ್ದೇನು? ಮುಂಭಾಗಕ್ಕೆಲ್ಲ ಒಂದೇ ಸಲ ಕಾಗದ ಹಚ್ಚಿ, ಹಿಂಭಾಗವನ್ನು ನಾಳೆಗೆ ಬಿಟ್ಟು ಮಲಗಿದೆವು. ರಾತ್ರಿಯೆಲ್ಲ ಮುಂಭಾಗವೊಂದೇ ಬಿಗಿಯುತ್ತ ಬಂದು ಕಡ್ಡಿಗಳನ್ನು ತನ್ನೆಡೆಗೆ ಎಳೆದುಕೊಂಡಿತು. ಮುಂದೊಂದು ಮುಖ, ಹಿಂದೊಂದು ಮುಖ ಎಂದು ಜೊತೆಜೊತೆಯಾಗಿ ಅಂಟಿಸುತ್ತ ಬಂದಿದ್ದರೆ ಎಳೆತಕ್ಕೆ ಎಳೆತ ಸರಿಹೋಗುತ್ತಿತ್ತು.

ನಕ್ಷತ್ರದ ಚೌಕಟ್ಟು ಕಟ್ಟುವ ಬಗೆ ಹೀಗೆ. 60 ಸೆಂಟಿಮೀಟರ್ ಉದ್ದದ ಹತ್ತು ಬಿದಿರಿನ ಸೀಳುಗಳು ಬೇಕು; ಎಲ್ಲವೂ ಒಂದೇ ದಪ್ಪವಿರಬೇಕು. ಐದನ್ನು ನೆಲದ ಮೇಲೆ ಐದು ಮೂಲೆಯ ನಕ್ಷತ್ರವಾಗಿ, ಒಂದರ ಮೇಲೊಂದು ಕೆಳಗೊಂದು ಹಾಯಿಸಿ ಹೊಂದಿಸಿ ತುದಿಗಳನ್ನು ಕಟ್ಟಿರಿ. ಕಡ್ಡಿಗಳು ಒಂದನ್ನೊಂದು ದಾಟುವ ಜಾಗ ಪ್ರತಿ ತುದಿಯಿಂದ ಸುಮಾರು 23 ಸೆಂಟಿಮೀಟರಿನಲ್ಲಿ ಬೀಳಬೇಕು. ಮೊದಲೇ ಗುರುತು ಹಾಕಿಕೊಂಡರೆ ಕಣ್ಣಳತೆಯ ಜಗಳವಿಲ್ಲ. ಇಂಥದೇ ಇನ್ನೊಂದು ನಕ್ಷತ್ರವನ್ನು ಇದರ ಮೇಲಿಟ್ಟು ಐದು ತುದಿಗಳನ್ನೂ ಜೋಡಿಸಿ ಬಿಗಿಯಿರಿ. ಬಳಿಕ ನಡುವಿನ ಐದು ದಾಟುಗಳಲ್ಲಿ ಎರಡರ ನಡುವೆ ಹತ್ತು ಹನ್ನೆರಡು ಸೆಂಟಿಮೀಟರಿನ ತುಂಡುಕಡ್ಡಿಗಳನ್ನು ನಿಲ್ಲಿಸಿದರೆ ಚಪ್ಪಟೆಯಾಗಿದ್ದ ನಕ್ಷತ್ರಕ್ಕೆ ಹೊಟ್ಟೆ ಬರುತ್ತದೆ. ಆ ಕ್ಷಣವನ್ನು ನೋಡಿಯೇ ತಿಳಿಯಬೇಕು.

ಅಂಟಿಗೆ ಮೈದಾಹಿಟ್ಟಿನ ಗಂಜಿ ಸಾಕು. ರಟ್ಟು ಕಟ್ಟುವವರು ಹುಳು ಬಾರದಂತೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ.

ನಮ್ಮ ಕರಾವಳಿಯಲ್ಲಿ ಗೂಡುದೀಪವೆನ್ನುವುದನ್ನು ಘಟ್ಟದ ಮೇಲಿನವರು ಆಕಾಶಬುಟ್ಟಿ ಎನ್ನುತ್ತಾರೆ. ದೀಪಾವಳಿಗೆ ತೂಗಿದ ಈ ಚೌಕಟ್ಟಿನ ಅಣ್ಣತಮ್ಮಂದಿರೇ ಡಿಸೆಂಬರಿನಲ್ಲಿ ನೆರೆಯ ಕ್ರೈಸ್ತರ ಮನೆಗಳ ಮುಂದೆ ಕ್ರಿಸ್ಮಸ್ ನಕ್ಷತ್ರಗಳಾಗಿ ತೂಗುತ್ತಾರೆ. ಒಳಗೆ ಹಣತೆಯನ್ನೋ ಮೇಣದ ಬತ್ತಿಯನ್ನೋ ಇಡುವವರು ಒಂದು ಮಾತು ನೆನಪಿಡಬೇಕು: ಉರಿಯ ಬಿಸಿ ಮೇಲಕ್ಕೇ ಏರುವುದು; ನೇರ ಮೇಲಿನ ಮುಖವನ್ನು ಕಾಗದದಿಂದ ಮುಚ್ಚಲೇಬಾರದು. ಸಣ್ಣ ಎಲ್‌ಇಡಿ ದೀಪವಾದರೆ ಈ ಅಂಜಿಕೆ ಬಹಳ ಕಡಿಮೆ.

ಇನ್ನು ಹಬ್ಬದ ಓಲೆ. ಅಚ್ಚಾದ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಬಿಡುವಿಲ್ಲದ ಒಬ್ಬ ಅಧಿಕಾರಿಯಿಂದ ಎಂದರೆ ನಗು ಬಾರದಿರದು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನು ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತಿಲ್ಲದೆ ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದನು. ಉಳಿದವು ಒಂದು ಷಿಲ್ಲಿಂಗಿಗೆ ಒಂದರಂತೆ ಮಾರಾಟವಾದವು. ಮಕ್ಕಳೂ ಸೇರಿದ ಕುಟುಂಬವು ಮದ್ಯದ ಲೋಟ ಹಿಡಿದಿದ್ದ ಆ ಚಿತ್ರ ಪಾನನಿರೋಧದವರಿಗೆ ಹಿಡಿಸಲಿಲ್ಲ. ಶ್ರಮ ಉಳಿಸಲು ಬಂದ ವಸ್ತುವನ್ನು ನಾವು ಈಗ ಶ್ರಮಪಟ್ಟು ಕೈಯಲ್ಲಿ ಮಾಡುತ್ತಿದ್ದೇವೆ! ಅಂಗೈಯ ಮೊಬೈಲಿನಲ್ಲಿ ಒಂದು ಶುಭಾಶಯವನ್ನು ನೂರು ಮಂದಿಗೆ ಒಮ್ಮೆಗೇ ಕಳುಹಿಸಬಹುದಾದ ಕಾಲದಲ್ಲಿ ಕೋಲ್ ಮಹಾಶಯನಿದ್ದಿದ್ದರೆ ಕಾರ್ಡಿನ ಗೊಡವೆಗೇ ಹೋಗುತ್ತಿರಲಿಲ್ಲ.

ಓಲೆಗೂ ಎಳೆಯೇ ಮುಖ್ಯ. ದಪ್ಪ ಡ್ರಾಯಿಂಗ್ ಹಾಳೆಯನ್ನು ಎಳೆಯ ದಿಕ್ಕಿಗೆ ಮಡಚಿದರೆ ಮಡಿಕೆ ನಯವಾಗಿ ಕೂರುವುದು. ಅಡ್ಡಕ್ಕೆ ಮಡಚಿದರೆ ಒಡೆದು ಬಿರುಕು ಕಾಣುವುದು. ಮಡಚುವ ಮೊದಲು ಮಸಿ ತೀರಿದ ಬಾಲ್‌ಪೆನ್ನಿನ ತುದಿಯಿಂದ ಅಡಿಕೋಲಿಗೆ ಒತ್ತಿ ಒಂದು ಗೆರೆ ಎಳೆಯಿರಿ. ಮೇಲೆ ಬಣ್ಣದ ಕಾಗದದ ಹಣತೆಯನ್ನೋ ಮಾವಿನೆಲೆಯನ್ನೋ ಅಂಟಿಸುವಾಗ ಅದರ ಎಳೆಯೂ ಕಾರ್ಡಿನ ಎಳೆಯೂ ಒಂದೇ ದಿಕ್ಕಿಗಿರಲಿ. ಇಲ್ಲವಾದರೆ ನಮ್ಮ ನಕ್ಷತ್ರದ ಗತಿಯೇ ಅದಕ್ಕೂ. ಅಂಟು ಪೂರ್ತಿ ಒಣಗುವವರೆಗೆ ನಿಘಂಟಿನಡಿಯಲ್ಲಿಡುವುದು ಉತ್ತಮ. ನಿಘಂಟಿಗೂ ಒಂದು ಉಪಯೋಗವಾಯಿತು. ಹೊಳಪಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತುವ ಆಸೆ ಬೇಡ. 2022ರ ಜುಲೈ 1ರಿಂದ ಅಲಂಕಾರದ ಥರ್ಮೊಕೋಲೂ, ಆಮಂತ್ರಣಪತ್ರಗಳಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ದೇಶದಲ್ಲೆಲ್ಲ ನಿಷಿದ್ಧವಾಗಿವೆ.

ನಾನು ಮಾಡಿದ ಮೊದಲ ಓಲೆ ಕುವೈತಿನಲ್ಲಿ ದುಡಿಯುತ್ತಿರುವ ನನ್ನ ಅಣ್ಣನಿಗೆ ಹೋಯಿತು. ಅವನು ಊರಿಗೆ ಬಾರದೆ ಅದು ಮೂರನೆಯ ದೀಪಾವಳಿ. ಓಲೆ ತಲುಪಿದ್ದು ಹಬ್ಬ ಕಳೆದು ಹದಿನೈದು ದಿನಕ್ಕೆ. ಅಂದು ರಾತ್ರಿ ಫೋನು ಮಾಡಿ, ಓಲೆಯ ಮಾತನ್ನೇ ಎತ್ತದೆ, ಗೂಡುದೀಪದ ಅಳತೆ ಕೇಳಿದ. ಅಲ್ಲಿ ಬಿದಿರು ಎಲ್ಲಿ ಸಿಗಬೇಕು? ವೃತ್ತಪತ್ರಿಕೆಯ ಹಾಳೆಯನ್ನು ಒಂದು ಮೂಲೆಯಿಂದ ತೆಳ್ಳನೆಯ ಕಡ್ಡಿಗೆ ಬಿಗಿಯಾಗಿ ಸುರುಳಿ ಸುತ್ತಿ, ಕೊನೆಗೆ ಅಂಟು ಹಚ್ಚಿ, ಕಡ್ಡಿಯನ್ನು ಎಳೆದು ತೆಗೆದರೆ ಗಟ್ಟಿ ಕೊಳವೆಯಾಗುವುದೆಂದು ಹೇಳಿದೆ. ಬಿದಿರಿನಷ್ಟು ಬಾಗದ ಕಾರಣ ಹೊಟ್ಟೆಗೆ ಆರು ಸೆಂಟಿಮೀಟರಿನ ತುಂಡೇ ಸಾಕೆಂದೂ ತಿಳಿಸಿದೆ. ಹತ್ತು ಕೊಳವೆಗಳಾಗಿವೆ, ಬಣ್ಣದ ಕಾಗದ ಇನ್ನೂ ಸಿಕ್ಕಿಲ್ಲ ಎಂದು ಮೊನ್ನೆ ತಿಳಿಸಿದ್ದಾನೆ.