ಬಿಸಿಯೂಟದಕ್ಕನ ಪಗಾರ ಎಷ್ಟು?

‘ಅಕ್ಷರ ದಾಸೋಹ ಯೋಜನೆ ಜಾರಿಗೆ ಬಂದ ವರ್ಷ ಯಾವುದು?’ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರಿಗೆ ಉತ್ತರ ಬಾಯಿಪಾಠ: 2002. ಮೊದಲು ಶುರುವಾದ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು ಎಂಬುದೂ ಕೆಲವರಿಗೆ ಗೊತ್ತು. ಆದರೆ ಆ ಅನ್ನ ಬೇಯಿಸುವವರ ಕೈಗೆ ತಿಂಗಳಿಗೆ ಎಷ್ಟು ಬರುತ್ತದೆ ಎಂಬ ಪ್ರಶ್ನೆ ನಾನು ತಿರುವಿಹಾಕಿದ ಯಾವ ಗೈಡಿನಲ್ಲೂ ಇಲ್ಲ.

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರು ನಮ್ಮೂರು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ನವೆಂಬರ್‌ನಿಂದ ರೈತರು ತಿಂಗಳುಗಟ್ಟಲೆ ಧರಣಿ ಕೂತ ಊರು ಎಂದರೆ ನಿಮಗೆ ನೆನಪಾಗಬಹುದು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವ ಧೈರ್ಯ ಬರುವುದೇ ಮಧ್ಯಾಹ್ನದ ಊಟ ಶಾಲೆಯಲ್ಲಿ ಆಗುತ್ತದೆ ಎಂಬ ಲೆಕ್ಕದಿಂದ. 2024ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆಸಿದ್ದು ಸುಮ್ಮನೆ ಅಲ್ಲ.

ಈ ಊಟ ಸರ್ಕಾರಗಳ ಕರುಣೆಯಿಂದ ಬಂದದ್ದೂ ಅಲ್ಲ. ಪಿಯುಸಿಎಲ್ ಸಂಘಟನೆ ಹಾಕಿದ್ದ ಅರ್ಜಿಯ ಮೇಲೆ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶಿಸಿತು. 2004ರಲ್ಲಿ ಇನ್ನೊಂದು ಮಾತು ಸೇರಿಸಿತು: ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಇರಲಿ. ಜೊತೆಯಲ್ಲಿ ಕೂತು ಉಂಡರೆ ಸಾಲದು, ಯಾರ ಕೈಯಡುಗೆ ಎಂಬುದೂ ಮುಖ್ಯ ಎಂದು ಕೋರ್ಟಿಗೆ ಅನ್ನಿಸಿತ್ತು.

ಇವರ ಕೆಲಸ ಎಷ್ಟು ಎಂದು ನೋಡಬೇಕಾದರೆ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಶಾಲೆಗೆ ಹೋಗಬೇಕು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ ಬಂತು, ಹಾಲಿನ ಪುಡಿ ಕಲಸಿ ಕಾಯಿಸಬೇಕು. 2024ರಲ್ಲಿ ಅದರ ಜೊತೆ ರಾಗಿ ಮಾಲ್ಟ್ ಬಂತು. ಮೊಟ್ಟೆ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಶುರುವಾಗಿ, ರಾಜ್ಯಕ್ಕೆಲ್ಲ ಹಬ್ಬಿ, ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ 2024ರ ಸೆಪ್ಟೆಂಬರ್‌ನಲ್ಲಿ ವಾರಕ್ಕೆ ಆರು ದಿನವಾಯಿತು. ಎಲ್ಲವೂ ಒಳ್ಳೆಯದೇ, ಮೊಟ್ಟೆಯಂತೂ ತುಂಬ ಒಳ್ಳೆಯದು. ಆದರೆ ಪ್ರತಿಯೊಂದು ‘ಭಾಗ್ಯ’ವೂ ಅದೇ ಒಲೆಗೆ, ಅದೇ ಕೈಗಳಿಗೆ ಸೇರಿತು. ಮೊಟ್ಟೆ ಸುಲಿಯಲು ಒಂದಕ್ಕೆ 30 ಪೈಸೆ ಇಟ್ಟಿದ್ದಾರೆ. 100 ಮೊಟ್ಟೆ ಸುಲಿದರೆ 30 ರೂಪಾಯಿ. ಅದನ್ನು ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದೊಂದು ಚಹಾ ಬರಬಹುದು, ಪೇಟೆಯಲ್ಲಾದರೆ ಅದೂ ಕಷ್ಟ.

ಈಗ ಪಗಾರದ ಮಾತು. ಪಗಾರ ಎನ್ನುವಂತಿಲ್ಲ, ದಾಖಲೆಯಲ್ಲಿ ಅದರ ಹೆಸರು ‘ಗೌರವಧನ’. ಕೇಂದ್ರದ ಮಾನದಂಡ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. 2009ರಲ್ಲಿ ನಿಗದಿಯಾದ ಮೊತ್ತ ಅದು. ಕೇಂದ್ರ 600, ರಾಜ್ಯ 400 ಎಂಬ ಪಾಲು. ಮೇಲಿನದ್ದನ್ನು ರಾಜ್ಯ ಸೇರಿಸುತ್ತದೆ. ಮುಖ್ಯ ಅಡುಗೆಯವರಿಗೆ 3,700, ಸಹಾಯಕಿಯರಿಗೆ 3,600 ಇದ್ದದ್ದನ್ನು 1,000 ರೂಪಾಯಿ ಹೆಚ್ಚಿಸುವುದಾಗಿ 2025ರ ಬಜೆಟ್ ಹೇಳಿತು. 4,600 ರೂಪಾಯಿಯನ್ನು 26 ದಿನಕ್ಕೆ ಭಾಗಿಸಿ ನೋಡಿ: ದಿನಕ್ಕೆ 177 ರೂಪಾಯಿ. 2025–26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370.

ಹೆಸರಿನಲ್ಲೇ ತಂತ್ರವಿದೆ ಎಂದು ನನಗೆ ಅನ್ನಿಸುತ್ತದೆ. ‘ಸಂಬಳ’ ಎಂದರೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲ ಕೇಳಬಹುದು. ‘ಗೌರವಧನ’ಕ್ಕೆ ಕೈಮುಗಿದು ಸುಮ್ಮನಿರಬೇಕು. ಅತಿಥಿ ಉಪನ್ಯಾಸಕರ ಪಾಠ ಕೇಳಿ ಡಿಗ್ರಿ ಮುಗಿಸಿದ ನಮಗೆ, ನಾಳೆ ಅದೇ ಸಾಲಿನಲ್ಲಿ ನಿಲ್ಲಬಹುದಾದ ನಮಗೆ, ಈ ಪದ ಹೊಸದೇನಲ್ಲ. ಅಂಗನವಾಡಿ, ಆಶಾ, ಬಿಸಿಯೂಟದಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಕೊಡಿ ಎಂದು 2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಸರ್ಕಾರಗಳು ಬದಲಾದವು, ಶಿಫಾರಸು ಕಡತದಲ್ಲೇ ಉಳಿಯಿತು.

ಹಾಗಾಗಿಯೇ ಸಿಐಟಿಯು, ಎಐಟಿಯುಸಿ ಸಂಘಗಳ ಬಾವುಟ ಹಿಡಿದು ಇವರು ತಾಲ್ಲೂಕು ಪಂಚಾಯಿತಿ ಮುಂದೆ, ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂರುವುದು. ಕೂಲಿ ಹೆಚ್ಚಿಸಿ ಎಂಬುದಷ್ಟೇ ಅವರ ಬೇಡಿಕೆ ಅಲ್ಲ. 2022ರಲ್ಲಿ 60 ತುಂಬಿದವರನ್ನು ಬರಿಗೈಯಲ್ಲಿ ಮನೆಗೆ ಕಳಿಸಿದಾಗ ಇಡಿಗಂಟು ಕೇಳಿದರು. ಊಟದ ಹೊಣೆಯನ್ನು ಖಾಸಗಿ ಸಂಸ್ಥೆಗಳ ದೊಡ್ಡ ಅಡುಗೆಮನೆಗೆ ವಹಿಸಬೇಡಿ ಎನ್ನುವುದೂ ಅವರ ಹಳೆಯ ಬೇಡಿಕೆ. ಅದರಲ್ಲಿ ಕೆಲಸ ಉಳಿಸಿಕೊಳ್ಳುವ ಆತಂಕ ಇರುವುದು ನಿಜ, ಇರಲೇಬೇಕು. ಆದರೆ ಎಲ್ಲೋ ದೂರದಲ್ಲಿ ಬೆಂದು ವ್ಯಾನಿನಲ್ಲಿ ಬರುವ ಊಟಕ್ಕೆ, ಯಾವ ಹುಡುಗ ಎರಡನೇ ಸಲ ಸಾರು ಕೇಳಲು ನಾಚುತ್ತಾನೆ ಎಂದು ಗೊತ್ತಿರುವುದಿಲ್ಲ. ನಮ್ಮ ಅಕ್ಕಂದಿರಿಗೆ ಗೊತ್ತಿರುತ್ತಿತ್ತು.

ಬೇಳೆ, ತರಕಾರಿ, ಎಣ್ಣೆ, ಗ್ಯಾಸ್ ಎಲ್ಲ ಸೇರಿ 2025ರ ಮೇ ತಿಂಗಳಿಂದ ಕೇಂದ್ರ ನಿಗದಿ ಮಾಡಿರುವ ದರ ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 6.78 ರೂಪಾಯಿ, ಎಂಟರವರೆಗೆ 10.17. ಟೊಮೆಟೊ, ಈರುಳ್ಳಿ ದರ ಏರಿದಾಗ ಸಾರು ನೀರಾದರೆ ಮಕ್ಕಳ, ಪಾಲಕರ ಬೈಗುಳ ತಿನ್ನುವವರು ದರ ನಿಗದಿ ಮಾಡಿದವರಲ್ಲ, ಸೌಟು ಹಿಡಿದವರು.

ಏಪ್ರಿಲ್, ಮೇ ಬಂದರೆ ಒಲೆ ಆರುತ್ತದೆ, ಗೌರವಧನವೂ ನಿಲ್ಲುತ್ತದೆ. ಆಗ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಿಗುವುದು ಉದ್ಯೋಗ ಖಾತ್ರಿಯ ಮಣ್ಣು ಕೆಲಸ. ಬಿಸಿಲಲ್ಲಿ ಬುಟ್ಟಿ ಹೊರಬೇಕು ನಿಜ, ಆದರೆ ಅಲ್ಲಿ ಕೂಲಿ ದುಪ್ಪಟ್ಟು.